ಹಾಡು ಸೇರಿಸದ ಮದುವೆ ಕ್ಯಾಸೆಟ್

"ಆ ಲೈಟು ಆ ಕಡೆ ಹಿಡಿಯಯ್ಯ. ನೆಮ್ಮದಿಯಾಗಿ ತಿನ್ನಕ್ಕೂ ಬಿಡಲ್ವಲ್ಲ ನೀನು."

ಟಿ.ವಿ. ಪರದೆಯಲ್ಲಿ, ಊಟದ ಪಂಕ್ತಿಯಿಂದ ತಲೆಯೆತ್ತಿ ಮದುಮಗಳ ತಂದೆ ಗದರಿದರು. ನೋಡುತ್ತ ಕುಳಿತಿದ್ದ ಅವರ ಹೆಂಡತಿ ಸೆರಗಿನಿಂದ ಬಾಯಿ ಮುಚ್ಚಿಕೊಂಡು ನಕ್ಕರು. ಮಗಳ ಮದುವೆಯಾದ ಮರುತಿಂಗಳೇ ಆತ ತೀರಿಕೊಂಡಿದ್ದರು.

ಅದು ಚಾಮರಾಜಪೇಟೆಯಲ್ಲಿರುವ ಗೆಳೆಯ ಸೀನನ ಸ್ಟುಡಿಯೋ. ಆ ಮದುವೆಯಲ್ಲಿ ಫೋಟೋ ತೆಗೆದವನು ನಾನು, ಹೊಸ ವಿಡಿಯೋ ಕ್ಯಾಮೆರಾ ಹೊತ್ತವನು ಅವನು. ಛತ್ರದಲ್ಲಿ ಎಲ್ಲರ ಮುಖ ಅವನ ಕಡೆಗೇ ತಿರುಗುತ್ತಿದ್ದುದು ನನ್ನ ಹೊಟ್ಟೆ ಉರಿಸಿತ್ತು. ನಾನೂ ಒಂದು ಕೊಳ್ಳಬಹುದೇ ಎಂದು ನೋಡಲು ಅಂದು ಹೋಗಿದ್ದೆ. ಹೆಗಲಿಗೆ ಭಾರ, ಬ್ಯಾಟರಿ ಬೇಗ ಮುಗಿಯುತ್ತದೆ, ಲೈಟು ಹಿಡಿಯಲು ಇನ್ನೊಬ್ಬ ಬೇಕು ಎಂದು ಡೈರಿಯಲ್ಲಿ ಬರೆದುಕೊಂಡು ಏಳುವಷ್ಟರಲ್ಲಿ ಆಕೆ ಕ್ಯಾಸೆಟ್ ಕೇಳಿಕೊಂಡು ಬಂದಿದ್ದರು.

ಮದುವೆ ಕ್ಯಾಸೆಟ್ಟಿನಲ್ಲಿ ಮಾತೆಲ್ಲ ಅಳಿಸಿ ಸಿನಿಮಾ ಹಾಡು ಸೇರಿಸಿ ಕೊಡುವುದು ವಾಡಿಕೆ. ಸೋಮಾರಿ ಸೀನ ಅದನ್ನಿನ್ನೂ ಮಾಡಿರಲಿಲ್ಲ; ಇದ್ದದ್ದನ್ನೇ ಹಾಕಿ ತೋರಿಸಿದ್ದ.

"ತಪ್ಪಾಯ್ತಮ್ಮ, ನಾಳೆ ಹಾಡು ಹಾಕಿ ಕೊಟ್ಬಿಡ್ತೀನಿ" ಎಂದ.

"ಹಾಡು ಬೇಡಪ್ಪ, ಹೀಗೇ ಕೊಡು. ಮನೇಲಿ ಗೋಡೆ ಮೇಲಿರೋ ಅವರ ಫೋಟೋ ಒಂದಿನಾನೂ ನನ್ನ ಗದರಿಲ್ಲ" ಎಂದರು ಆಕೆ.

ಗೋಡೆಯ ಮೇಲಿನ ಆ ಫೋಟೋ ನಾನು ತೆಗೆದದ್ದು. ನನ್ನ ಕೈಯಿಂದ ಬಂದದ್ದರಲ್ಲೆಲ್ಲ ಅದೇ ಚೆನ್ನಾದದ್ದು ಎಂದುಕೊಂಡಿದ್ದೆ. ಕ್ಯಾಮೆರಾ ನನ್ನದಾಗಿದ್ದರೆ ಮದುವೆಯ ಮಾರನೆಯ ದಿನವೇ ಹಾಡು ಸೇರಿಸಿ ಕೆಲಸ ಮುಗಿಸಿಬಿಡುತ್ತಿದ್ದೆ. ಈಗ ನನ್ನ ಹೊಟ್ಟೆಕಿಚ್ಚು ಸೀನನ ಕ್ಯಾಮೆರಾದ ಮೇಲಲ್ಲ, ಅವನ ಸೋಮಾರಿತನದ ಮೇಲೆ.