ಏಳನೆಯ ಬಾಗಿಲಿಗೆ ಕ್ಯಾಲಿಕೋ ರಟ್ಟು

ಲೋಕದ ದೊಡ್ಡ ದೊಡ್ಡ ರಾಜ್ಯಗಳೆಲ್ಲ ಯುದ್ಧದಲ್ಲಿ ಮುಳುಗಿದ್ದ ಕಾಲದಲ್ಲಿ, ಮಂಡ್ಯದ ಪೇಟೆಬೀದಿಯ ಒಂದು ಪುಸ್ತಕದಂಗಡಿಯ ಮುಂದೆ ನಿಂತು ನಾನೂ ಒಂದು ಗಂಭೀರ ತೀರ್ಮಾನಕ್ಕೆ ಬರಬೇಕಾಯಿತು. ಒಂದೇ ಕಥೆ, ಎರಡು ಪ್ರತಿ. ಒಂದು ಯುದ್ಧಕ್ಕೆ ಮುಂಚಿನದು: ಕೆಂಪು ಕ್ಯಾಲಿಕೋ ಬಟ್ಟೆಯ ಗಟ್ಟಿ ರಟ್ಟು, ಬೆನ್ನಿನ ಮೇಲೆ ಚಿನ್ನದ ಅಕ್ಷರ, ಎದೆಯ ಮೇಲೆ ಮೋಡದಲ್ಲಿ ನಡೆಯುವ ಚಿನ್ನದ ಆನೆ. ಇನ್ನೊಂದು ಸಾದಾ ಪ್ರತಿ: ಬೆಲ್ಲದ ಬಣ್ಣದ ಕಾಗದ, ಅದೇ ಕಾಗದದ ಹೊದಿಕೆ, ಎರಡು ತಂತಿಯ ಹೊಲಿಗೆ. ಅಂಗಡಿಯವರು ಎರಡನ್ನೂ ನನ್ನ ಮುಂದಿಟ್ಟು, ನನ್ನ ಮುಖ ನೋಡಿ ಇದು ಬೇಗ ಮುಗಿಯುವ ವ್ಯವಹಾರವಲ್ಲವೆಂದು ತಿಳಿದು, ಎಲೆಯಡಿಕೆ ಹಾಕಿಕೊಳ್ಳಲು ಕುಳಿತರು.

ಪುಸ್ತಕ ನನಗಲ್ಲ, ಅಕ್ಕನಿಗೆ. ನಾನಾಗ ಮಂಡ್ಯದಲ್ಲಿ ಹೈಸ್ಕೂಲು ಓದುತ್ತಿದ್ದೆ. ನಮ್ಮ ಊರು ಮದ್ದೂರಿನ ಕಡೆ, ನಾಲೆಯ ಬದಿಯಲ್ಲಿ. ಊರಿನ ಮೇಷ್ಟರಲ್ಲಿ ಈ ಕಥೆಯ ಒಂದು ಸಾದಾ ಪ್ರತಿಯಿತ್ತು. ಅದನ್ನು ಅಕ್ಕ ಮೂರು ಸಲ ಓದಿದ್ದಳು. ತನ್ನ ಹೆಸರನ್ನೇ ಮರೆತ ಒಬ್ಬ ರಾಜಕುಮಾರ, ಮೋಡದ ಆನೆಯನ್ನೇರಿ ಗಾಜಿನ ಕೋಟೆಗೆ ಹೋಗುತ್ತಾನೆ. ಕೋಟೆಗೆ ಏಳು ಬಾಗಿಲು. ಏಳನೆಯ ಬಾಗಿಲ ಹಿಂದೆ ಅವನ ಹೆಸರಿದೆ. ಅವನು ಅಗುಳಿಯ ಮೇಲೆ ಕೈಯಿಡುತ್ತಾನೆ, ಅಲ್ಲಿಗೆ ಮೇಷ್ಟರ ಪ್ರತಿ ಮುಗಿಯುತ್ತದೆ. ಹೊದಿಕೆ ಹೋದ ಪುಸ್ತಕದಲ್ಲಿ ಮೊದಲು ಉದುರುವುದು ಕೊನೆಯ ಹಾಳೆ. ಅದು ಯಾರ ಮನೆಯ ಒಲೆಗೆ ಹೋಯಿತೋ.

ಕಬ್ಬು ಸೂಲಂಗಿ ಬಿಟ್ಟ ದಿನಗಳಲ್ಲಿ ನಾವಿಬ್ಬರೂ ನಾಲೆಯ ಏರಿಯ ಮೇಲೆ ಕೂರುತ್ತಿದ್ದೆವು. ಬಿಳಿಯ ಗರಿಗಳು ಗದ್ದೆಯುದ್ದಕ್ಕೂ ಅಲುಗುವಾಗ ಅದು ನೆಲವೋ ಮೋಡವೋ ಹೇಳುವಂತಿರಲಿಲ್ಲ. ಆಲೆಮನೆಯ ಹೊಗೆ ಅದರ ಮೇಲೆ ನಿಧಾನವಾಗಿ ಕಾಲಿಡುತ್ತ ಬರುತ್ತಿತ್ತು, ನಾಲ್ಕು ಕಾಲಿನ, ಸೊಂಡಿಲಿನ ಹೊಗೆ. ಅಕ್ಕ ಅದನ್ನು ನೋಡುತ್ತ, ಬಾಗಿಲ ಹಿಂದೆ ಏನಿರಬಹುದೆಂದು ದಿನಕ್ಕೊಂದು ಹೇಳುತ್ತಿದ್ದಳು. ಯಾವುದೂ ಅವಳಿಗೇ ಒಪ್ಪಿಗೆಯಾಗುತ್ತಿರಲಿಲ್ಲ.

ಅಷ್ಟರಲ್ಲಿ ಮಳವಳ್ಳಿ ಕಡೆಯ ಪೂರಿಗಾಲಿಯಿಂದ ಗಂಡು ಬಂತು. ಜಮೀನಿರುವ ಮನೆ, ಒಳ್ಳೆಯ ಜನ. ಆದರೆ ಅತ್ತೆಯಾಗುವವರು ಹೆಣ್ಣು ನೋಡಲು ಬಂದಾಗಲೇ ಒಂದು ಮಾತು ಹೇಳಿ ಹೋಗಿದ್ದರು: ಕಥೆಪುಸ್ತಕ ಓದುವ ಹೆಣ್ಣು ಒಲೆಯ ಮೇಲಿನ ಹಾಲನ್ನು ಉಕ್ಕಿಸುತ್ತಾಳೆ, ತಮ್ಮ ಮನೆಗೆ ಅದು ಆಗದು. ಅಕ್ಕ ತಲೆಬಗ್ಗಿಸಿ ಕೇಳಿಕೊಂಡಳು. ಆಮೇಲೆ ನನ್ನನ್ನು ಕೊಟ್ಟಿಗೆಯ ಹಿಂದಕ್ಕೆ ಕರೆದು, "ಇನ್ನೊಂದು ಎಲ್ಲಾರ ಸಿಕ್ಕಿದ್ರೆ ತಂದ್ಕೊಡು ಕಣ್ಲಾ. ಆ ಬಾಗ್ಲಿಂದೆ ಏನದೆ ಅಂತ ತಿಳ್ಕಂಡ್ರೆ ಸಾಕು, ಆಮ್ಯಾಕೆ ಹಾಲ್ನೇ ನೋಡ್ತಾ ಕೂತ್ಕತೀನಿ" ಅಂದಳು.

ಹೀಗೆ ಅಂಗಡಿಯ ಮುಂದೆ ನನ್ನ ಧರ್ಮಸಂಕಟ. ಸಾದಾ ಪ್ರತಿಯಾದರೆ ಸೀರೆಯ ಮಡಿಕೆಯಲ್ಲಿ ಅಡಗುತ್ತದೆ. ಆದರೆ ಕೊನೆಯ ಹಾಳೆ ಎಷ್ಟು ದಿನ ಬಾಳೀತು? ಕ್ಯಾಲಿಕೋ ಪ್ರತಿಯಾದರೆ ಕೊನೆಯ ಹಾಳೆ ಅರಮನೆಯಲ್ಲಿದ್ದಂತೆ ಇರುತ್ತದೆ. ಆದರೆ ಅದನ್ನು ಅಡಗಿಸಲು ಅರಮನೆಯೇ ಬೇಕು. ಒಂದು ಬಚ್ಚಿಡಬಹುದಾದ ಪುಸ್ತಕ, ಇನ್ನೊಂದು ಉಳಿಯುವ ಪುಸ್ತಕ. ನಾನು ಉಳಿಯುವುದನ್ನು ಆರಿಸಿದೆ. ಅಲ್ಲೇ ಬಿಚ್ಚಿ ಕೊನೆಯ ಪುಟ ನೋಡಬಹುದಿತ್ತು. ಅಕ್ಕನಿಗಿಂತ ಮೊದಲು ನಾನು ಆ ಬಾಗಿಲು ದಾಟುವುದು ಸರಿಯಲ್ಲವೆಂದು ನೋಡಲಿಲ್ಲ. ಬದುಕಿನಲ್ಲಿ ನಾನು ಮಾಡಿದ ತ್ಯಾಗಗಳ ಪಟ್ಟಿ ಚಿಕ್ಕದು, ಇದು ಅದರಲ್ಲಿದೆ.

ಊರಿಗೆ ಹೋಗುವ ಹೊತ್ತಿಗೆ ಅಕ್ಕನಿಗೆ ಅರಿಶಿನ ಹಚ್ಚುತ್ತಿದ್ದರು. ಸುತ್ತ ನೆಂಟರ ಹೆಂಗಸರು. ಮೊಣಕೈವರೆಗೆ ಹಳದಿಯಾಗಿ ಕೂತಿದ್ದ ಅವಳಿಗೆ ನನ್ನ ಅಂಗಿಯೊಳಗಿನ ಕೆಂಪು ಮೂಲೆಯನ್ನು ತೋರಿಸಿದೆ. ಅವಳ ಮುಖ ಅರಳಿತು, ಮರುಗಳಿಗೆಗೆ ಬಾಡಿತು. "ಇದ ಎಲ್ಲಲಾ ಬಚ್ಚಿಡ್ಲಿ? ಮಣೆ ಇದ್ದಂಗದೆ" ಎಂದು ಪಿಸುಗುಟ್ಟಿದಳು. ಕೊನೆಗೆ ಅದು ಪೆಟ್ಟಿಗೆಯ ತಳದಲ್ಲಿ, ಸೀರೆಗಳ ಕೆಳಗೆ, ಓದಿಸಿಕೊಳ್ಳದೆಯೇ ಪೂರಿಗಾಲಿಗೆ ಹೋಯಿತು.

ಹೊಸ ಸೊಸೆಯ ಪೆಟ್ಟಿಗೆಯನ್ನು ಮನೆಯ ಹೆಂಗಸರೆಲ್ಲರ ಎದುರು ಬಿಚ್ಚುವ ಪದ್ಧತಿ ಅಲ್ಲಿತ್ತೆಂಬುದನ್ನು ನಾನು ಲೆಕ್ಕಕ್ಕೆ ಹಿಡಿದಿರಲಿಲ್ಲ. ಸೀರೆಗಳು ಒಂದೊಂದಾಗಿ ಹೊರಗೆ ಬಂದವು. ಕೊನೆಗೆ ಪುಸ್ತಕ ಬಂತು. ಅತ್ತೆಗೆ ಅಕ್ಷರ ಬಾರದು. ಅವರು ಕೆಂಪು ಬಟ್ಟೆಯನ್ನು ನೋಡಿದರು, ಚಿನ್ನದ ಸಾಲನ್ನು ನೋಡಿದರು, ಆನೆಯನ್ನು ನೋಡಿದರು. ಆನೆ ಹೊರಗಿದ್ದ ಮೇಲೆ ಲಕ್ಷ್ಮಿ ಒಳಗಿರಲೇಬೇಕು. ಅವರ ಮನೆಯಲ್ಲಿ ಗಟ್ಟಿ ರಟ್ಟಿನದೆಂದರೆ ಪುರಾಣ ಒಂದೇ. ಕಥೆಪುಸ್ತಕವೆಂದರೆ ಸಂತೆಯಲ್ಲಿ ಮಾರುವ ತೆಳ್ಳನೆಯ ಕಾಗದದ್ದು. ಸೊಸೆಯ ತೌರಿನವರು ಪುರಾಣ ಕೊಟ್ಟು ಕಳಿಸಿದ್ದಾರೆಂದು ಅದನ್ನು ಕಣ್ಣಿಗೊತ್ತಿಕೊಂಡು, ಕುಂಕುಮವಿಟ್ಟು, ದೇವರ ಗೂಡಿನಲ್ಲಿಟ್ಟರು.

ಆ ಮನೆಯಲ್ಲಿ ಮಾವ ತೀರಿಕೊಂಡ ಮೇಲೆ ಪುರಾಣ ಓದುವವರಿರಲಿಲ್ಲ. ಭಾವ ಓದಬಲ್ಲರು, ಆದರೆ ಅವರು ಓದಿದರೆ ಕೇಳುವವರಿಗಿಂತ ಮುಂಚೆ ಅವರಿಗೇ ನಿದ್ದೆ. ಹಾಗಾಗಿ ಅಪ್ಪಣೆಯಾಯಿತು: ಸೊಸೆ ದಿನಾ ಸಂಜೆ ದೀಪ ಹಚ್ಚಿದ ಮೇಲೆ ಜಗುಲಿಯಲ್ಲಿ ಓದಬೇಕು. ಸ್ನಾನ ಮಾಡಿಯೇ ಮುಟ್ಟಬೇಕು. ದಿನಕ್ಕೊಂದೇ ಅಧ್ಯಾಯ, ಮುಂದಿನ ಪುಟ ಇಣುಕುವಂತಿಲ್ಲ, ಪುರಾಣಕ್ಕೆ ಅವಸರ ಸಲ್ಲದು. ಗೂಡು ಅತ್ತೆ ಕೂರುವ ಮಣೆಗೆ ಎದುರಿಗೇ ಇತ್ತು. ಕದ್ದು ಓದಬೇಕೆಂದಿದ್ದವಳು ಊರೆಲ್ಲ ಕೇಳುವಂತೆ ಓದತೊಡಗಿದಳು.

ಎರಡು ತಿಂಗಳಾದ ಮೇಲೆ ನಾನು ಅವಳನ್ನು ನೋಡಲು ಹೊರಟೆ. ಪೆಟ್ರೋಲು ಸಿಗದ ಕಾಲ, ಇದ್ದಿಲ ಹೊಗೆಯಲ್ಲಿ ಓಡುವ ಬಸ್ಸು ಮಳವಳ್ಳಿಗೆ ಮುಟ್ಟಿಸಿತು. ಓಡಿತು ಎನ್ನುವುದು ಮರ್ಯಾದೆಯ ಮಾತು. ಅಲ್ಲಿಂದ ಗಾಡಿ. ಸಂಜೆಗೆ ಜಗುಲಿಯ ತುಂಬ ಹೆಂಗಸರು, ನಡುವೆ ದೀಪ, ದೀಪದ ಹಿಂದೆ ಅಕ್ಕ. ಅವಳ ದನಿಯಲ್ಲಿ ಗಾಜಿನ ಕೋಟೆ ಎದ್ದು ನಿಂತಿತ್ತು. ಗೋಡೆಯ ಮೇಲಿನ ನೆರಳುಗಳೂ ತಲೆದೂಗುತ್ತಿದ್ದವು; ಕಟ್ಟೆಯಾಚೆ ಕಟ್ಟಿದ್ದ ಎತ್ತು ಮೆಲುಕು ನಿಲ್ಲಿಸಿ ಇತ್ತ ನೋಡುತ್ತಿತ್ತು. ಆರನೆಯ ಬಾಗಿಲು ತೆರೆಯುವ ಹೊತ್ತಿಗೆ ನಾನೆಲ್ಲಿದ್ದೇನೆಂಬುದೇ ನನಗೆ ಮರೆತಿತ್ತು.

ಅತ್ತೆಗೆ ಮರೆತಿರಲಿಲ್ಲ. ಊಟವಾದ ಮೇಲೆ ನನ್ನನ್ನು ಕೂರಿಸಿಕೊಂಡು ಕೇಳಿದರು: "ಅಲ್ಲ ಕಣಪ್ಪ, ದಿನಾ ಕೇಳ್ತಾವ್ನಿ. ಆನೆ ಬಂತು, ಕುದ್ರೆ ಬಂತು, ಮಾತಾಡೋ ಮರ ಬಂತು. ದೇವ್ರು ಯಾವಾಗ ಬಂದಾನು?"

"ಬತ್ತಾನೆ ಕಣವ್ವ, ಕೊನೇಲಿ" ಅಂದೆ. ಬೇರೇನು ಹೇಳಲಿ?

"ನಾಳೀಕೆ ಮುಗೀತದಂತೆ. ನಾಳೀಕೂ ಬರ್ನಿಲ್ಲ ಅಂದ್ರೆ ಇದು ಪುರಾಣ ಅಲ್ಲ. ನಿನ್ ಬುಕ್ಕ ನೀನೇ ಎತ್ಕಂಡು ಓಗ್ಬುಡು."

ಬೆಳಿಗ್ಗೆ ಹಿತ್ತಲ ಬಾವಿಯ ಹತ್ತಿರ ಅಕ್ಕನಿಗೆ ತಿಳಿಸಿದೆ. ಅವಳು ನೀರು ಸೇದುವುದನ್ನು ನಿಲ್ಲಿಸಲಿಲ್ಲ. ಬಿಂದಿಗೆ ತುಂಬಿದ ಮೇಲೆ, "ಗೊತ್ತಿಲ್ದೆ ಬತ್ತಾನೆ ಅಂತ ಯಾಕ್ಲಾ ಅಂದೆ? ದೇವ್ರೇನ್ ನಿನ್ನ ಕ್ಲಾಸ್‌ಮೇಟ?" ಎಂದು ಕೇಳಿ ಒಳಗೆ ಹೋದಳು. ಅವಳ ಬೆನ್ನು ಮಾತ್ರ ಹೆದರಿದವಳ ಬೆನ್ನಿನಂತಿತ್ತು. ಪುಸ್ತಕ ಹೋದರೆ ಆ ಸಂಜೆಯ ಜಗುಲಿಯೂ ಹೋಗುತ್ತದೆ. ಆಮೇಲೆ ಉಳಿಯುವುದು ಹಾಲು ಮಾತ್ರ.

ಆ ಸಂಜೆ ಏಳನೆಯ ಬಾಗಿಲು. ಅತ್ತೆ ಒಂದು ತೆಂಗಿನಕಾಯಿಯನ್ನು ತಂದು ಪಕ್ಕದಲ್ಲಿಟ್ಟುಕೊಂಡಿದ್ದರು, ಒಡೆಯುವುದೋ ಒಳಗಿಡುವುದೋ ಇನ್ನೂ ತೀರ್ಮಾನವಾಗಿಲ್ಲವೆಂಬಂತೆ. ರಾಜಕುಮಾರ ಅಗುಳಿಯ ಮೇಲೆ ಕೈಯಿಟ್ಟ. ಅಕ್ಕ ಪುಟ ತಿರುವಿದಳು. ನಿಂತಳು. ಬತ್ತಿ ಮಂಕಾಗಿದೆ, ಸ್ವಲ್ಪ ಏರಿಸಿ ಅಂತ ಅತ್ತೆಗೆ ಹೇಳಿದಳು. ಬತ್ತಿ ಚೆನ್ನಾಗಿಯೇ ಇತ್ತು. ಅತ್ತೆ ದೀಪದ ಮೇಲೆ ಬಾಗಿದ ಆ ಗಳಿಗೆಯಲ್ಲಿ ಅಕ್ಕ ಒಬ್ಬಳೇ ಆ ಪುಟವನ್ನು ಓದಿದಳು. ಇಷ್ಟು ವರ್ಷ ಕಾದ ಅವಳ ಕಣ್ಣು ಒಂದೇ ಕಡೆ ನೆಟ್ಟು ಹಾಗೇ ಇತ್ತು. ಆಮೇಲೆ ಉಸಿರೆಳೆದುಕೊಂಡು ಓದಿದಳು.

ಬಾಗಿಲು ತೆರೆಯಿತು. ಒಳಗೆ ಒಂದು ಹೊಳೆ. ಹೊಳೆಯ ನೀರಿನಿಂದ, ಆ ಸೀಮೆಯವರೆಲ್ಲ ನಡೆದುಕೊಳ್ಳುವ ದೇವರು, ಮುತ್ತತ್ತಿಯ ಸ್ವಾಮಿ ಎದ್ದು ಬಂದರು, ಮೈಯೆಲ್ಲ ನೀರು ಸೋರುತ್ತಿತ್ತು. ಹೆಸರಿಲ್ಲದ ಆ ಹುಡುಗನನ್ನು ತೊಡೆಯ ಮೇಲೆ ಕೂರಿಸಿಕೊಂಡು, ಕೂಸಿಗೆ ಹೆಸರಿಡುವಾಗ ಮಾಡುವಂತೆ, ಅವನ ಕಿವಿಯಲ್ಲಿ ಹೆಸರು ಹೇಳಿದರು.

ಅತ್ತೆ ಕೈ ಮುಗಿದರು. ಹೆಂಗಸರೆಲ್ಲ ಮುಗಿದರು. ನಾನೂ ಮುಗಿದೆ. ಮುಗಿದ ಕೈ ಇಳಿಸದೆ ಅತ್ತೆ ಮೆಲ್ಲಗೆ ಕೇಳಿದರು: "ಏನಂತವ್ವ ಎಸ್ರು?"

"ಕಿವೀಲಿ ಏಳಿದ್ದು ಕಣತ್ತೆ. ನಮ್ಗೆ ಕೇಳಾಕಿಲ್ಲ."

ತೆಂಗಿನಕಾಯಿ ಒಡೆಯಿತು.

ಮರುದಿನ ಮುಂಜಾನೆ ನಾನು ಯಾರೂ ಹೇಳದೆ ತಣ್ಣೀರು ಸುರಿದುಕೊಂಡೆ. ಆ ಮನೆಯವರು ನನ್ನ ಭಕ್ತಿಗೆ ಬೆರಗಾದರು. ಗೂಡಿನಿಂದ ಪುಸ್ತಕ ತೆಗೆದು ಕೊನೆಯ ಪುಟ ನೋಡಿದೆ. ರಾಜಕುಮಾರ ಅಗುಳಿಯನ್ನು ಸರಿಸಿದ್ದ. ಅದರ ಕೆಳಗೆ, ಹೂಬಳ್ಳಿಯ ಚಿತ್ರದ ನಡುವೆ, ಒಂದೇ ಸಾಲು: ಮುಂದಿನದನ್ನು ಎರಡನೆಯ ಭಾಗದಲ್ಲಿ ನೋಡಿರಿ. ಆ ಗಟ್ಟಿ ರಟ್ಟು, ಆ ಕ್ಯಾಲಿಕೋ, ಆ ಚಿನ್ನದ ಆನೆ, ಎಲ್ಲವೂ ಸೇರಿ ಇಷ್ಟು ಭದ್ರವಾಗಿ ಕಾಪಾಡಿದ್ದು ಈ ಸಾಲನ್ನು.

ಮಂಡ್ಯದ ಅಂಗಡಿಯಲ್ಲಿ ವಿಚಾರಿಸಿದಾಗ ಎರಡನೆಯ ಭಾಗ ಇನ್ನೂ ಬಂದಿಲ್ಲ, ಕಾಗದದ ಅಭಾವ ಅಂದರು. ಯುದ್ಧ ಮುಗಿದ ಮೇಲೂ ಅದೇ ಉತ್ತರ. ಪೂರಿಗಾಲಿಯಲ್ಲಿ ಅಷ್ಟರೊಳಗೆ ಕಥೆ ಎಷ್ಟೋ ಸುತ್ತು ಮುಗಿದು ಮತ್ತೆ ಮೊದಲಿಗೆ ಬಂದಿತ್ತು. ಏಳನೆಯ ಬಾಗಿಲಿನ ದಿನ ಅಕ್ಕಪಕ್ಕದ ಊರಿನವರೂ ಬರುತ್ತಿದ್ದರಂತೆ. ಒಮ್ಮೆ ಹೋದಾಗ, ಬೆಂಗಳೂರಿಗೆ ಬರೆದು ಎರಡನೆಯ ಭಾಗ ಹುಡುಕಿಸುತ್ತೇನೆಂದು ಅಕ್ಕನಿಗೆ ಹೇಳಿದೆ. ಅವಳು ಒಲೆಯ ಮುಂದೆ ಕೂತು ಹಾಲು ನೋಡುತ್ತಿದ್ದಳು.

"ಬ್ಯಾಡ ಕಣ್ಲಾ," ಅಂದಳು. "ಅದ್ರಲ್ಲಿ ಸಾಮಿ ಬರ್ನಿಲ್ಲ ಅಂದ್ರೆ ಏನ್ ಮಾಡಾನ?"