ಮೂರು ಫೋನಿಗೆ ಒಂದ ಐಡಿ

ಅವ್ವಗ ಹೇಳೂದು ಬ್ಯಾಡ ಅಂತ ನಾನೂ ನನ್ನ ತಮ್ಮನೂ ದವಾಖಾನಿ ಮೆಟ್ಟಲ ಮ್ಯಾಲ ನಿಂತು ಠರಾಯಿಸಿದ್ವಿ. ಆಕಿ ಎದಿಯೊಳಗಿನ ಗಂಟು ಕ್ಯಾನ್ಸರಿಂದು ಅಂತ ಡಾಕ್ಟರು ನಮ್ಮಿಬ್ಬರನ್ನ ಬಾಜೂಕ ಕರದು ಹೇಳಿದ್ದರು. ಹೊರಗ ಬೆಂಚಿನ ಮ್ಯಾಲ ಕುಂತಿದ್ದ ಅವ್ವಗ, "ಏನಿಲ್ಲ ಬೇ, ಸಣ್ಣ ಗಡ್ಡಿ, ತಗದ ಒಗದ್ರ ಮುಗೀತು" ಅಂದೆ. ಆಕಿ "ಹೂಂ" ಅಂದು ಸೆರಗು ಸರಿ ಮಾಡಿಕೊಂಡು ತಮ್ಮನ ಜೋಡಿ ತಿಕೋಟಾ ಬಸ್ಸಿಗೆ ನಡದಳು. ನಮ್ಮ ಕಡೆ ಇದು ರೂಢೀನ. ರೋಗ ಯಾರದೋ ಅವರೊಬ್ಬರನ್ನ ಬಿಟ್ಟು ಇಡೀ ಓಣಿಗೆ ಗೊತ್ತಿರತೈತಿ. ಅಂಜಿ ಊಟ ಬಿಟ್ಟಾಳು ಅನ್ನೂದು ತಮ್ಮನ ಹೆದರಿಕಿ. ನನಗಂತೂ ಆ ಶಬ್ದ ಬಾಯಾಗ ತರೂದ ಆಗತಿರಲಿಲ್ಲ.

ನಾ ಇರೂದು ವಿಜಯಪುರದಾಗ, ಒಂದು ಕಾಲೇಜಿನ ಆಫೀಸಿನ್ಯಾಗ ಕೆಲಸ. ಅವ್ವ ತಮ್ಮನ ಹಂತ್ಯಾಕ ತಿಕೋಟಾದಾಗ, ಅಲ್ಲಿ ನಮ್ಮ ದ್ರಾಕ್ಷಿ ತ್ವಾಟ ಐತಿ. ಅವತ್ತ ಮನಿಗೆ ಬಂದಾಕಿನ ಫೋನ್ ಹಿಡದು ಕುಂತೆ. ಈ ಗಂಟು ಎಂಥಾದ್ದು, ಕೂದಲಾ ಉದರತಾವೇನು, ಏನ ತಿನ್ನಿಸಬೇಕು, ಏನ ತಿನ್ನಿಸಬಾರದು. ಒಂದ ಮುಗೀತು ಅಂದ್ರ ಇನ್ನೊಂದು ವಿಡಿಯೋ ನೋಡಿದೆ. ಆಮ್ಯಾಲ ಚಾಲೂ ಆತು ನೋಡ್ರಿ ಅದರ ಕಾಟ. ನಾ ಬ್ಯಾಡಂದ್ರೂ ದೊಡ್ಡ ದೊಡ್ಡ ಊರಿನ ದವಾಖಾನಿ ಜಾಹೀರಾತು ಬರಾಕ ಹತ್ತಿದ್ವು. ಚಪಾತಿ ಮೆತ್ತಗ ಮಾಡೂದು ಹೆಂಗಂತ ನೋಡಾಕ ಹೋದ್ರ ಅದರ ಬಾಜೂಕ ಕೀಮೋ. ನನ್ನ ಹೆಸರ ಹಾಕಿಲ್ಲ, ಅವ್ವನ ಹೆಸರ ಹಾಕಿಲ್ಲ, ಇವಕ್ಕ ನಮ್ಮನಿ ಸಂಕಟ ಹೆಂಗ ಗೊತ್ತಾತು? ಸಿಟ್ಟು ಬಂದು ಫೋನ್ ಗಾದಿ ಮ್ಯಾಲ ಒಗದೆ.

ಆಫೀಸಿನ್ಯಾಗ ಬಾಜೂ ಟೇಬಲಿನ ಮೇಡಮ್ಮಾರಿಗೆ ಕೇಳಿದೆ. "ಅವಕ್ಕ ಹೆಸರ ಬೇಕಾಗಿಲ್ರಿ" ಅಂದರು ಅವರು. "ಫೋನ್ ಯಾವುದು, ಎಲ್ಲಿ ಕುಂತು ನೋಡತೀರಿ, ಯಾವುದರ ಮುಂದ ಎಷ್ಟೊತ್ತು ನಿಲ್ಲತೀರಿ, ಎಲ್ಲಾ ಕೂಡಿಸಿ ಗುರ್ತ ಹಿಡೀತಾವ." ಹೆಸರಿಲ್ಲದ ಗುರ್ತು ಎಂಥಾದ್ದು ಅಂತ ನನ್ನ ತಲಿಗೆ ಹೋಗಲಿಲ್ಲ. ಸಂತ್ಯಾಗ ಬಳಿ ಮಾರಾಕಿ ನಮ್ಮ ಮಾರಿ ನೋಡದನ ಬರೇ ಕೈ ನೋಡಿ ಗುರ್ತ ಹಿಡದಂಗ ಇರಬೇಕು ಅಂತ ಅಂದುಕೊಂಡೆ. ಅವರು ಹೇಳಿದಂಗ ನೋಡಿದ್ದನ್ನೆಲ್ಲಾ ಅಳಿಸಿದೆ, ಲೊಕೇಶನ್ ಬಂದ್ ಮಾಡಿದೆ. ಎರಡು ದಿನ ಸುಮ್ಮಕಿದ್ದು ಮತ್ತ ತಡೀಲಾರದ ಹುಡುಕಿದೆ, ಅವೂ ಮತ್ತ ಬಂದ್ವು.

ರವಿವಾರ ತಿಕೋಟಾಕ್ಕ ಹೋದೆ. ಅವ್ವ ಪಡಸಾಲ್ಯಾಗ ಕುಂತು ಒಣದ್ರಾಕ್ಷಿಯೊಳಗಿನ ಕಡ್ಡಿ ಆರಸಾಕತ್ತಿದ್ದಳು. ನಾನೂ ಎದುರಿಗೆ ಕುಂತು ಕೈ ಹಾಕಿದೆ. ಊರ ಸುದ್ದಿ, ಮಗ್ಗಲ ಮನಿ ಸೊಸಿ ಸುದ್ದಿ ಎಲ್ಲಾ ಆತು. ಆಮ್ಯಾಲ ತಲಿ ಎತ್ತದನ ಕೇಳಿದಳು:

"ಆ ಕೀಮೋ ಅಂತಾರಲ್ಲ, ಅದನ್ನ ಕೈಗೆ ಕೊಡತಾರೇನ ಎದಿಗೆ ಕೊಡತಾರ?"

"ಯಾರ ಬೇ ನಿನಗ ಹೇಳಿದ್ದು?"

"ಇದ" ಅಂತ ಮಗ್ಗಲದಾಗಿನ ಫೋನ್ ನನ್ನ ಕಡೆ ಸರಿಸಿದಳು. "ದವಾಖಾನಿಯಿಂದ ಬಂದ ಮರುದಿನದಿಂದ ಇದ ಬರಾಕತ್ತೈತಿ. ನಾ ಭಜನಿ ಹಚ್ಚಾಕ ಹೋದ್ರ ಇದ."

ತಗದ ನೋಡಿದೆ. ನಾ ನೋಡಿದ ವಿಡಿಯೋನ ಅವು. ಒಂದನ್ನ ಒತ್ತಿದ್ರ, ನಾ ವಿಜಯಪುರದಾಗ ಎಲ್ಲಿ ನಿಲ್ಲಿಸಿದ್ದೆನೋ ಅಲ್ಲಿಂದನ ಡಾಕ್ಟರು ಮಾತಾಡಾಕ ಹತ್ತಿದರು. ನನಗ ಏನೂ ತಿಳೀದಂಗಾತು. ಅಂಗಡಿಯವನ ಏನರ ಮಾಡಿರಬೇಕು ಅಂತ, ಅವ್ವನ್ನೂ ಕರಕೊಂಡು ನಮ್ಮ ಮೂರೂ ಫೋನ್ ತಗೊಂಡಿದ್ದ ಮೊಬೈಲ್ ಅಂಗಡಿಗೆ ಜಗಳಾ ತಗದಾಕಿನ ಹೋದೆ.

ಅವ ನಕ್ಕ. "ಅಕ್ಕಾರ, ನೀವ ಅಲ್ರಿ ಹೇಳಿದ್ದು? ಅವ್ವಾರಿಗೆ, ತಮ್ಮಗ ಮೇಲ್ ಐಡಿ ಇರಲಿಲ್ಲ. 'ಎಲ್ಲಾದಕ್ಕೂ ನಂದ ಹಾಕ್ರಿ, ಒಂದ ಮನಿಯವರು' ಅಂತ ನೀವ ಅಂದ್ರಿ. ಮೂರು ಫೋನಿಗೂ ನಿಮ್ಮ ಐಡಿನ ಐತಿ. ಫೋನಿನ ಲೆಕ್ಕದಾಗ ನೀವು ಮೂವರೂ ಒಬ್ಬರ."

ಹೌದು, ಅಂದಿದ್ದೆ. ಮನಿತನಾ ಒಂದು, ತ್ವಾಟಾ ಒಂದು, ಐಡಿ ಯಾಕ ಮೂರು ಅಂತ ಅನಿಸಿತ್ತು. ನನ್ನ ಫೋನಿನ್ಯಾಗ ಟ್ರ್ಯಾಕ್ಟರ್ ಟೈರು, ದ್ರಾಕ್ಷಿಗೆ ಹೊಡಿಯೂ ಹುಳದ ಎಣ್ಣಿ, ಭಜನಿ ಯಾಕ ಬರತಾವಂತ ಎಷ್ಟೋ ದಿನದಿಂದ ಬೈಕೋತ ಇದ್ದೆ. ತಮ್ಮ ನೋಡಿದ್ದು, ಅವ್ವ ನೋಡಿದ್ದು ನನಗ ಬರಾಕತ್ತಿತ್ತು. ನಾ ನೋಡಿದ್ದು ಅವ್ವಗ ಹೋಗಿತ್ತು.

"ಬ್ಯಾರೆ ಬ್ಯಾರೆ ಮಾಡಿಕೊಡ್ಲೇನ್ರಿ?" ಅಂದ ಅವ.

"ಮಾಡ್ರಿ, ಈಗ ಮಾಡ್ರಿ" ಅಂದೆ ನಾ.

"ಬ್ಯಾಡಪಾ, ಹಂಗ ಇರಲಿ" ಅಂತ ಅವ್ವ ಅವನ ಕೈಯಾಗಿಂದ ಫೋನ್ ಇಸಕೊಂಡಳು. ಅಂಗಡಿ ಹೊರಗ ಬಂದು ನನ್ನ ರಟ್ಟಿ ಹಿಡದು ನಿಲ್ಲಿಸಿದಳು. "ಡಾಕ್ಟರ್ ಹೇಳಲಿಲ್ಲ, ನೀ ಹೇಳಲಿಲ್ಲ, ಹೊಟ್ಟಿಲೆ ಹುಟ್ಟಿದ ಮಗಾ ಹೇಳಲಿಲ್ಲ. ಇದರ ಮುಂದ ಕುಂತು ಅತ್ತೇನಿ ನಾ. ಈಗ ಇದರ ಬಾಯಿನೂ ಮುಚ್ಚಿಸ್ತಿ? ನೀ ಏನ ಹುಡುಕತಿ ಅದು ನನಗೂ ಕಾಣಲಿ."

ಆಕಿ ರೋಗ ಆಕಿದು, ನಾನ ಮುಚ್ಚಿಟ್ಟಿದ್ದೆ. ಹಂಗಾದ್ರ ನನ್ನ ಹೆದರಿಕಿ ಯಾರದು, ಅದೂ ಆಕಿಗೆ ಕಾಣಬೇಕೇನು? ಇವತ್ತಿಗೂ ನನಗದು ಬಗಿಹರಿದಿಲ್ಲ.

ಸಂಜೀಕ ವಿಜಯಪುರದ ಬಸ್ಸು ಹತ್ತಿ ಕುಂತೆ. ಡಾಕ್ಟರ ಮುಂದ ಕೇಳದ ಬಿಟ್ಟ ಮಾತೊಂದಿತ್ತು. ಫೋನ್ ತಗದು, ಇಂಥಾ ಗಂಟು ಇದ್ದವರು ಇನ್ನ ಎಷ್ಟು ವರ್ಷ ಇರತಾರ ಅಂತ ಅರ್ಧಾ ಬರದೆ. ಅಲ್ಲಿ ಅವ್ವ ಪಡಸಾಲ್ಯಾಗ ಫೋನ್ ಹಿಡಕೊಂಡು ಕುಂತಿರತಾಳ ಅನ್ನೂದು ನೆನಪಾತು. ಬರದದ್ದನ್ನ ಅಳಿಸಿದೆ. ಅದರ ಜಾಗಾದಾಗ, ಈ ರೋಗದಿಂದ ಪೂರಾ ಆರಾಮ ಆದವರು ಅಂತ ಬರದೆ, ಮೊದಲ ವಿಡಿಯೋ ಹಚ್ಚಿ, ವಿಜಯಪುರ ಬರೂತನಾ ನಿಲ್ಲಿಸದ ಓಡಾಕ ಬಿಟ್ಟೆ.