ಸ್ಟಾರ್ಟರ್ ಸಿದ್ದೇಶನ ಕೆಂಪು ಗುಂಡಿ

ಮಳವಳ್ಳಿ ಸುತ್ತಮುತ್ತ ಯಾರದೇ ಪಂಪ್‌ಸೆಟ್ಟಿನ ಸ್ಟಾರ್ಟರ್ ಕೆಟ್ಟರೂ ಅದು ಕೊನೆಗೆ ಬಂದು ಸೇರುವುದು ಸಿದ್ದೇಶನ ಅಂಗಡಿಗೇ. ಹಸಿರು ಗುಂಡಿ ಒತ್ತಿದರೆ ಮೋಟರು ಓಡಬೇಕು, ಕೆಂಪು ಒತ್ತಿದರೆ ನಿಲ್ಲಬೇಕು. ಇಷ್ಟೇ ಲೋಕ ಅವನದು. ಇಪ್ಪತ್ತೆರಡು ವರ್ಷದಿಂದ ಆ ಎರಡು ಗುಂಡಿಗಳ ನಡುವೆಯೇ ಬದುಕಿದ್ದಾನೆ. ಆದರೆ ಅಂಗಡಿಯ ಹಿಂದಿನ ಗೋಡೆ ನೋಡಿದವರು ಒಂದು ಕ್ಷಣ ಬಾಯಿ ಬಿಟ್ಟುಕೊಂಡು ನಿಲ್ಲುತ್ತಾರೆ, ಏಕೆಂದರೆ ಅಲ್ಲಿ ಮೊಳೆಗೆ ನೇತುಹಾಕಿರುವುದು ಮೋಟರ್ ಸಾಮಾನಲ್ಲ, ಟೀವಿ ಗೇಮಿನ ರಿಮೋಟುಗಳು! ತೊಂಬತ್ತರ ದಶಕದಲ್ಲಿ ಹಳದಿ ಕ್ಯಾಸೆಟ್ ಸಿಕ್ಕಿಸಿ ಆಡುತ್ತಿದ್ದ ಆ ಡಬ್ಬಿಗಳ ರಿಮೋಟುಗಳು, ಮದ್ದೂರಿನ ಗುಜರಿಯಲ್ಲಿ ಹುಡುಕಿ ತಂದವು, ಬಸ್ಸಿನ ಡ್ರೈವರ್ ಕೈಯಲ್ಲಿ ಮೈಸೂರಿನಿಂದ ಯಾರೋ ಕಳಿಸಿದವು, ಬಣ್ಣ ಹೋದವು, ಇಲಿ ಕಡಿದವು.

ಇದು ಶುರುವಾದದ್ದು ಬಂಡೂರಿನ ಸ್ವಾಮಿಯಿಂದ. ಕುರಿ ಸಾಕುವ ಸ್ವಾಮಿಗೆ ಎಡಗೈ ಹೆಬ್ಬೆರಳು ಇಲ್ಲ. ಚಿಕ್ಕಂದಿನ ಟೀವಿ ಗೇಮು ಅಟ್ಟದ ಮೇಲೆ ಸಿಕ್ಕಿತು, ಆಡೋಣವೆಂದರೆ ಹೆಬ್ಬೆರಳಿಲ್ಲದೆ ಬಾಣದ ಗುಂಡಿ ಒತ್ತುವುದು ಹೇಗೆ? ಸಿದ್ದೇಶ ಸೈಕಲ್ಲಿನ ಬ್ರೇಕ್ ಹಿಡಿ ಎರಡನ್ನು ಹಲಗೆಗೆ ಬಿಗಿದು, ಒಳಗೆ ರಿಮೋಟಿನ ಹಳೆಯ ಚಿಪ್ಪನ್ನು ಕೂರಿಸಿ, ಬೆರಳು ಮಡಚಿ ಎಳೆದರೆ ಸಾಕು ಎನ್ನುವ ಹಾಗೆ ಮಾಡಿಕೊಟ್ಟ. ಅಲ್ಲಿಂದ ಬಾಯಿಂದ ಬಾಯಿಗೆ ಹೋಯಿತು. ಎಡಚರಿಗೆ ತಿರುಗುಮುರುಗಾದ ರಿಮೋಟು, ಕೈ ನಡುಗುವವರಿಗೆ ಭಾರದ ಗುಂಡಿ, ಹೀಗೆ.

ಇಷ್ಟೆಲ್ಲ ಕೈಚಳಕವಿದ್ದವನು ಧೈರ್ಯಸ್ಥನಿರಬೇಕಲ್ಲ, ಇಲ್ಲ. ಮೇನ್ ಆಫ್ ಮಾಡಿದ ಮೇಲೂ ಟೆಸ್ಟರ್ ಇಟ್ಟು ಮೂರು ಸಲ ನೋಡುತ್ತಾನೆ, ಮನೆಗೆ ಹೊರಟವನು ಅರ್ಧ ದಾರಿಯಿಂದ ವಾಪಸು ಬಂದು ಬೀಗ ಎಳೆಯುತ್ತಾನೆ. ಈ ವರ್ಷ ಫೆಬ್ರವರಿಯಲ್ಲಿ ಅವನ ಅಕ್ಕ ಇಂದ್ರಮ್ಮ ಬ್ಲೌಸಿಗೆ ಬಟ್ಟೆ ಕತ್ತರಿಸುತ್ತಿದ್ದವಳು ಹಾಗೇ ಪಕ್ಕಕ್ಕೆ ವಾಲಿದಾಗಿನಿಂದ ಅವನ ಭಯಕ್ಕೆ ನಿಜವಾದ ಕೆಲಸ ಸಿಕ್ಕಿತು.

ಪಾರ್ಶ್ವವಾಯು. ನಲವತ್ತಾರು ವಯಸ್ಸು. ಮಾತು ವಾರದೊಳಗೆ ಬಂತು, ಕಾಲು ಎಳೆದುಕೊಂಡು ನಡೆಯುವ ಹಾಗಾಯಿತು, ಬಲಗೈ ಮಾತ್ರ ಮುಷ್ಟಿ ಕಟ್ಟಿಕೊಂಡು ಕೂತುಬಿಟ್ಟಿತು. ಮಳವಳ್ಳಿಯ ಅರ್ಧ ಮದುವೆಗಳ ಬ್ಲೌಸು ಹೊಲಿದ ಕೈ ಅದು.

ಮಂಡ್ಯದಿಂದ ಪ್ರತಿ ಮಂಗಳವಾರ ಬಸ್ಸಿನಲ್ಲಿ ಬರುವ ಫಿಸಿಯೋಥೆರಪಿಯ ಗೌತಮಿ ಅವನನ್ನು ಜಗುಲಿಗೆ ಕರೆದು ಬಿಡಿಸಿ ಹೇಳಿದ್ದಳು.

“ನೋಡಿ, ಮುಚ್ಚೋದು ಕಷ್ಟ ಅಲ್ಲ. ಆ ಕೈ ತಾನಾಗೇ ಮುಚ್ಕೊಳ್ಳುತ್ತೆ. ತೆರೆಯೋದೇ ಕಷ್ಟ. ಅವರು ತೆರೀಬೇಕು ಅಂತ ಮನಸ್ಸು ಮಾಡಿ ಸಾವಿರ ಸಲ ಪ್ರಯತ್ನ ಪಡಬೇಕು. ಮೊದಲ ಆರು ತಿಂಗಳು ತುಂಬಾ ಮುಖ್ಯ.”

“ಆಮ್ಯಾಕೆ?”

“ಆಮೇಲೂ ಬರಬಹುದು. ಆದ್ರೆ ನಿಧಾನ ಆಗುತ್ತೆ, ಕೈ ಬಿಗೀತಾ ಹೋಗುತ್ತೆ.”

ಮೂರು ತಿಂಗಳು ಆಗಲೇ ಕಳೆದಿತ್ತು. ಗೌತಮಿ ಕೊಟ್ಟ ವ್ಯಾಯಾಮವನ್ನು ಇಂದ್ರಮ್ಮ ಎರಡು ದಿನ ಮಾಡಿ ಬಿಟ್ಟಳು. ಟವೆಲ್ಲಿನ ಮೇಲೆ ಬೆರಳು ಚಾಚು, ಲೋಟ ಹಿಡಿದು ಬಿಡು.

“ಬಾಲವಾಡಿ ಮಕ್ಳಿಗೆ ಹೇಳ್ಕೊಡಂಗ್ ಏಳ್ತಾಳೆ ಕಣ್ಲಾ. ನಂಗ್ ಬ್ಯಾಡ. ಕೈ ಬರೋದಾದ್ರೆ ಬತ್ತದೆ.”

“ಮಾಡ್ದಲೆ ಯಂಗಕ್ಕ ಬತ್ತದೆ?”

“ನೀನ್ ಮಾಡೋಗು, ನಿಂಗೆ ಅಷ್ಟ್ ಆಸೆ ಇದ್ರೆ.”

ಸಿದ್ದೇಶ ಕ್ಯಾಲೆಂಡರ್ ಮುಂದೆ ನಿಂತು ವಾರಗಳನ್ನು ಎಣಿಸುತ್ತಿದ್ದ. ಊಟಕ್ಕೆ ಕೂತರೆ ತನ್ನ ಕೈಯನ್ನೇ ಮುಚ್ಚಿ ತೆರೆದು ನೋಡಿಕೊಳ್ಳುತ್ತಿದ್ದ. ಹೆಂಡತಿ ರೂಪ ಸಹಿಸಿ ಸಹಿಸಿ ಒಂದು ದಿನ, “ಮುದ್ದೆ ತಣ್ಗಾಯ್ತದೆ, ಮೊದ್ಲು ಉಣ್ಣಿ. ಅವ್ರು ಏನಕ್ಕೆ ಆಸೆ ಪಟ್ಟಾರು ಅಂತ ಯೋಚ್ನೆ ಮಾಡಿ, ಕೈಗೆ ಅಂತ ಅಲ್ಲ” ಎಂದಳು.

ಅಕ್ಕ ಯಾವುದಕ್ಕೆ ಆಸೆ ಪಡುತ್ತಿದ್ದಳು? ಅಪ್ಪ ತಂದುಕೊಟ್ಟ ಟೀವಿ ಗೇಮಿಗೆ! ಅದರಲ್ಲಿ ಒಬ್ಬ ಕುಳ್ಳ ಮನುಷ್ಯ ಹಳ್ಳ ದಾಟಿ ದಾಟಿ ಓಡುತ್ತಿದ್ದ. ಅವನಿಗೆ ಇಂದ್ರಮ್ಮ ಗುಂಡಣ್ಣ ಎಂದು ಹೆಸರಿಟ್ಟಿದ್ದಳು. ಬೀದಿಯ ಗಂಡುಹುಡುಗರೆಲ್ಲ ಸಾಲಾಗಿ ಕೂತು ಸೋಲುತ್ತಿದ್ದರು, ಇವಳು ಜಡೆ ಬಾಯಲ್ಲಿ ಕಚ್ಚಿಕೊಂಡು ಗುಂಡಣ್ಣನನ್ನು ಕೊನೆಯವರೆಗೆ ಓಡಿಸುತ್ತಿದ್ದಳು. ಎಡಗೈ ಹೆಬ್ಬೆರಳು ಬಾಣದ ಮೇಲೆ, ಬಲಗೈ ಹಾರುವ ಗುಂಡಿಯ ಮೇಲೆ. ಬಲಗೈ!

ಆ ಆಟದ ಕ್ಯಾಸೆಟ್ಟೂ ಡಬ್ಬಿಯೂ ಅವನ ಅಂಗಡಿಯಲ್ಲೇ ಇದ್ದವು. ಮನೆಯಲ್ಲಿ ದಿನಾ ಮುದ್ದೆಯೇ ಆಗುವುದರಿಂದ ಸುಮ್ಮನೆ ಬಿದ್ದಿದ್ದ ಚಪಾತಿ ಮಣೆ ತೆಗೆದುಕೊಂಡ. ಎಡಕ್ಕೆ ಹಳೆಯ ರಿಮೋಟಿನ ಬಾಣದ ಗುಂಡಿ ಕೂರಿಸಿದ. ಬಲಕ್ಕೆ, ಮುಷ್ಟಿಯಲ್ಲೂ ಒತ್ತಬಹುದು ಎಂದು, ಸ್ಟಾರ್ಟರಿನ ದೊಡ್ಡ ಹಸಿರು ಗುಂಡಿ. ಇಂದ್ರಮ್ಮನ ಮನೆಯಲ್ಲಿ ಇನ್ನೂ ಬದುಕಿದ್ದ ಡಬ್ಬಾ ಟೀವಿಗೆ ಎಲ್ಲವನ್ನೂ ಸಿಕ್ಕಿಸಿ ಅವಳ ಮಡಿಲಲ್ಲಿ ಮಣೆ ಇಟ್ಟ.

ಇಂದ್ರಮ್ಮ ಟೀವಿ ನೋಡಿದಳು. ಮಣೆ ನೋಡಿದಳು.

“ಗುಂಡಣ್ಣ ಇನ್ನೂ ಬದ್ಕವ್ನಾ?”

ಆ ಒಂದು ಮಾತಿಗೆ ಸಿದ್ದೇಶನ ಎದೆ ಎಷ್ಟು ಹಗುರಾಯಿತೆಂದರೆ ಮುಂದೆ ಆದದ್ದನ್ನು ಅವನು ನಿರೀಕ್ಷಿಸಿರಲಿಲ್ಲ. ಅವಳು ಎಡಗೈಯಿಂದ ಬಲಗೈಯನ್ನು ಎತ್ತಿ ಹಸಿರು ಗುಂಡಿಯ ಮೇಲಿಟ್ಟಳು. ಗುಂಡಣ್ಣ ಒಂದು ಸಲ ಹಾರಿದ. ಆಮೇಲೆ ಹಾರಲಿಲ್ಲ. ಮತ್ತೆ ಹಾರಿಸಬೇಕಾದರೆ ಗುಂಡಿ ಬಿಟ್ಟು ಮತ್ತೆ ಒತ್ತಬೇಕು, ಮುಷ್ಟಿಯೋ ಕಲ್ಲಿನ ಹಾಗೆ ಕೂತುಬಿಟ್ಟಿದೆ. ಗುಂಡಣ್ಣ ನೆಟ್ಟಗೆ ಹೋಗಿ ಹಳ್ಳಕ್ಕೆ ಬಿದ್ದ. ಮೂರು ಸಲ ಬಿದ್ದ.

ಇಂದ್ರಮ್ಮ ಮಣೆಯನ್ನು ಪಕ್ಕಕ್ಕೆ ತಳ್ಳಿದಳು.

“ಹಸುರ್ ಗುಂಡಿ ಯಾಕ್ ಇಟ್ಟಿದ್ದೀಯಲಾ? ಕೆಂಪ್ ಗುಂಡಿ ತಾನೆ ಎಗರ್ಸೋದು. ಕೈಗೆ ಗೊತ್ತಾಗದಾದ್ರೂ ಯಂಗೆ.”

ಬೇಸರಕ್ಕೆ ಹೇಳಿದ ಮಾತು, ಅಷ್ಟೇ. ಆದರೆ ಸಿದ್ದೇಶ ಅದನ್ನೇ ಹಿಡಿದುಕೊಂಡ. ಹೌದಲ್ಲ, ಹಳೆಯ ರಿಮೋಟಿನಲ್ಲಿ ಅದು ಕೆಂಪೇ. ಕೈಗೆ ನೆನಪಿರುತ್ತದೆ ಎನ್ನುತ್ತಾರೆ, ಬಣ್ಣ ಕಂಡರೆ ನೆನಪಾದೀತು. ಮುಂದಿನ ಮಂಗಳವಾರದೊಳಗೆ ಸ್ಟಾರ್ಟರಿನ ಕೆಂಪು ಗುಂಡಿ ತೆಗೆದು ಹಸಿರಿನ ಜಾಗದಲ್ಲಿ ಕೂರಿಸಿದ. ಸ್ಪ್ರಿಂಗ್ ಗಟ್ಟಿಯಾಯಿತು ಅನ್ನಿಸಿ ಬಾಲ್‌ಪೆನ್ನಿನ ಸ್ಪ್ರಿಂಗ್ ಹಾಕಿದ. ಅದು ಮೆದುವಾಯಿತು ಅನ್ನಿಸಿ ಇನ್ನೊಂದು ಪೆನ್ನು ಬಿಚ್ಚಿದ. ತಂತಿ ಕೂಡಿದ್ದರೆ ಕೂಗುವ ಮೀಟರ್ ಇಟ್ಟ, ಕೀಂ ಎಂದಿತು. ಬೆಸುಗೆ ಸರಿಯಾಗಿದೆ ಎಂದು ಸಮಾಧಾನವಾಗಿ ಮುಚ್ಚಿದ. ಗುಂಡಿ ಒತ್ತದೆಯೇ ಕೀಂ ಎಂದಿತಲ್ಲ, ಅದು ಅವನಿಗೆ ಹೊಳೆಯಲೇ ಇಲ್ಲ. ತಲೆಯ ತುಂಬ ಕ್ಯಾಲೆಂಡರೇ ಇದ್ದವನಿಗೆ ಹೊಳೆಯುವುದಾದರೂ ಹೇಗೆ?

ಮಂಗಳವಾರ ಹತ್ತು ಗಂಟೆಗೆ ಗೌತಮಿಯೂ ಬಂದಳು. ಇಂದ್ರಮ್ಮ ಬೇಡ ಬೇಡವೆಂದು ಕುರ್ಚಿಯಲ್ಲಿ ಕೂತಳು. ಸಿದ್ದೇಶ ಸ್ವಿಚ್ ಹಾಕಿದ.

ಆಟ ಶುರುವಾದದ್ದೇ ತಡ, ಯಾರೂ ಮುಟ್ಟದೆ ಗುಂಡಣ್ಣ ಒಂದು ನೆಗೆತ ನೆಗೆದ. ಸಿದ್ದೇಶ ಕೆಂಪು ಗುಂಡಿ ಒತ್ತಿದ, ಗುಂಡಣ್ಣ ನಿಂತೇ ಇದ್ದ. ಬೆರಳು ತೆಗೆದ, ಗುಂಡಣ್ಣ ನೆಗೆದ. ಒತ್ತಿದ, ನಿಂತ. ಬಿಟ್ಟ, ನೆಗೆದ.

ಈಗ ಹೊಳೆಯಿತು. ಹಸಿರು ಗುಂಡಿಯ ಒಳಗೆ ಎರಡು ತಾಮ್ರದ ತುಂಡುಗಳು ದೂರ ಇರುತ್ತವೆ, ಒತ್ತಿದರೆ ಕೂಡುತ್ತವೆ. ಕೆಂಪು ಗುಂಡಿಯಲ್ಲಿ ಅವು ಮೊದಲೇ ಕೂಡಿರುತ್ತವೆ, ಒತ್ತಿದರೆ ದೂರವಾಗುತ್ತವೆ. ಮೋಟರು ನಿಲ್ಲುವುದೇ ಹಾಗೆ. ಇಪ್ಪತ್ತೆರಡು ವರ್ಷ ದಿನಾ ಬಿಚ್ಚಿ ಕಟ್ಟಿದ್ದನ್ನು ಬಿಟ್ಟು ಬಣ್ಣ ನೋಡಿ ಕೂರಿಸಿದ್ದ.

ಇಂದ್ರಮ್ಮನಿಗೆ ಮೊದಲು ಅರ್ಥವಾಗಲಿಲ್ಲ. ಆಮೇಲೆ ಅರ್ಥವಾಯಿತು. ಮೂರು ತಿಂಗಳಲ್ಲಿ ಮೊದಲ ಸಲ ಅವಳು ನಗುವುದನ್ನು ಅವನು ನೋಡಿದ.

“ಊರ್ ಮೋಟ್ರೆಲ್ಲಾ ರಿಪೇರಿ ಮಾಡೋನ್ಗೆ ಕೆಂಪ್ ಗುಂಡಿ ಯಾವ್ದಕ್ಕೆ ಅಂತ ಗೊತ್ತಿಲ್ವಲ್ಲ ಕಣವ್ವಾ. ಲೇ ಸಿದ್ದ, ನಿನ್ ಅಂಗ್ಡೀಗ್ ಬೀಗ ಹಾಕು.”

“ಕೊಡಕ್ಕ ಇಲ್ಲಿ. ಮಧ್ಯಾನ್ದೊಳ್ಗೆ ಬದ್ಲಾಯ್ಸ್ಕ ಬತ್ತೀನಿ.”

“ಬುಡು ಅಲ್ಲೇ” ಎಂದು ಅವಳು ಅವನಿಂದ ಮಣೆ ಕಿತ್ತುಕೊಳ್ಳುವ ಹಾಗೆ ಬಲಗೈಯನ್ನು ಎತ್ತಿ ಅದರ ಮೇಲೆ ಹಾಕಿದಳು. ಮುಷ್ಟಿಯ ಭಾರಕ್ಕೆ ಕೆಂಪು ಗುಂಡಿ ಒಳಕ್ಕೆ ಹೋಯಿತು. ಗುಂಡಣ್ಣ ಸುಮ್ಮನೆ ನಿಂತ.

ಗೌತಮಿ ಬಗ್ಗಿ ನೋಡಿದಳು.

“ಒಂದ್ನಿಮಿಷ. ತೆಗೀಬೇಡಿ. ಈಗ ಇವನು ಹಾರಬೇಕು ಅಂದ್ರೆ ಏನು ಮಾಡಬೇಕು?”

“ಗುಂಡಿ ಬುಡ್ಬೇಕು” ಎಂದ ಸಿದ್ದೇಶ, ಅಪರಾಧಿಯ ಧ್ವನಿಯಲ್ಲಿ.

“ಅಂದ್ರೆ ಬೆರಳು ತೆರೀಬೇಕು.”

ಸಿದ್ದೇಶ ಮಣೆಗೆ ಚಾಚಿದ್ದ ಕೈಯನ್ನು ಹಿಂದಕ್ಕೆ ತೆಗೆದುಕೊಂಡ.

“ಒತ್ತಿದ್ರೆ ಹಾರೋದು ಬೇಡ ಸಿದ್ದೇಶ್, ಅದು ಅವರ ಕೈಗೆ ಬರುತ್ತೆ. ಬಿಟ್ರೆ ಹಾರೋದೇ ಬೇಕು. ಇದನ್ನ ಮಾತ್ರ ರಿಪೇರಿ ಮಾಡಬೇಡಿ.”

ಗೌತಮಿ ಮುಷ್ಟಿಯನ್ನು ಮೆಲ್ಲಗೆ ಬಿಡಿಸಿ, ಬೆರಳುಗಳು ಗುಂಡಿಯ ಮೇಲೆ ಕೂರುವ ಹಾಗೆ ಮಾಡಿದಳು. ಇಂದ್ರಮ್ಮ ಎಡಗೈಯಿಂದ ಬಾಣ ಒತ್ತಿದಳು. ಹಳ್ಳ ಬಂತು. ಇಂದ್ರಮ್ಮ ಹೆಗಲು ಮೇಲೆತ್ತಿದಳು, ಇಡೀ ಕೈ ಮೇಲೆದ್ದಿತು, ಗುಂಡಣ್ಣ ಹಾರಿ ಆಚೆ ದಡದಲ್ಲಿ ನಿಂತ.

“ಎಗರ್ದ” ಎಂದಳು ಇಂದ್ರಮ್ಮ.

“ಅದು ಮೋಸ” ಎಂದಳು ಗೌತಮಿ. ಹೊಲಿಗೆ ಬುಟ್ಟಿಯಲ್ಲಿದ್ದ ಸೀರೆ ಅಂಚಿನ ಪಟ್ಟಿ ತೆಗೆದು ಮಣಿಕಟ್ಟನ್ನು ಮೆಲ್ಲಗೆ ಮಣೆಗೆ ಕಟ್ಟಿದಳು. “ಈಗ ಬೆರಳಲ್ಲಿ.”

ಹಳ್ಳ. ಗುಂಡಣ್ಣ ಬಿದ್ದ. ಮತ್ತೆ ಹಳ್ಳ, ಮತ್ತೆ ಬಿದ್ದ. ಇಂದ್ರಮ್ಮನ ಹಣೆಯ ನರ ಉಬ್ಬಿತು. ಬಾಯಿ ತಿರುಚಿಕೊಂಡಿತು. ಸಿದ್ದೇಶನಿಗೆ ಇನ್ನೊಂದು ಭಯ ಹತ್ತಿತು, ಇಷ್ಟು ಕಷ್ಟಪಟ್ಟು ತಲೆಗೆ ಮತ್ತೇನಾದರೂ ಆದರೆ? “ಸಾಕಾ?” ಎಂದು ಗೌತಮಿಯ ಮುಖ ನೋಡಿದ. ಇಂದ್ರಮ್ಮ ಅತ್ತ ತಿರುಗದೆಯೇ, “ಸಾಕು ಅಂದೋನ್ ಆಚೆ ಓಗು” ಎಂದಳು.

ಹದಿನೇಳೋ ಹದಿನೆಂಟೋ ಸಲ ಬಿದ್ದ ಮೇಲೆ ಅದು ಆಯಿತು. ಉಂಗುರದ ಬೆರಳು ಮೊದಲು ಅಲುಗಿತು, ಅದರ ಹಿಂದೆಯೇ ನಡುಬೆರಳು, ಒಂದು ಗೋಧಿಕಾಳಿನ ದಪ್ಪದಷ್ಟು, ಅಷ್ಟೇ. ಪೆನ್ನಿನ ಸ್ಪ್ರಿಂಗಿಗೆ ಅಷ್ಟು ಸಾಕಾಗಿತ್ತು. ಗುಂಡಿ ಟಿಕ್ಕೆಂದು ಮೇಲೆದ್ದಿತು, ಗುಂಡಣ್ಣ ಹಾರಿದ, ದಾಟಿದ, ಮುಂದಿನ ಹಳ್ಳಕ್ಕೆ ಹೋಗಿ ಬಿದ್ದ.

ಸಿದ್ದೇಶ ಕಿಟಕಿಯ ಕಡೆ ತಿರುಗಿ ಸ್ಕ್ರೂಡ್ರೈವರನ್ನು ಜೇಬಿಗೆ ಹಾಕಿದ, ತೆಗೆದ, ಮತ್ತೆ ಹಾಕಿದ.

“ಇನ್ನೊಂದ್ ಸಲಿ ಹಾಕು ಕಣ್ಲಾ” ಎಂದಳು ಇಂದ್ರಮ್ಮ.

ಆಮೇಲಿನ ಕಷ್ಟವೇ ಬೇರೆ. ಹೊತ್ತಿಗೆ ಇಪ್ಪತ್ತು ನಿಮಿಷ, ದಿನಕ್ಕೆ ಮೂರು ಹೊತ್ತು, ಅದಕ್ಕಿಂತ ಹೆಚ್ಚು ಆಡಿದರೆ ಕೈ ಸೋಲುತ್ತದೆ ಎಂದು ಗೌತಮಿ ಕಟ್ಟುನಿಟ್ಟು ಮಾಡಿದ್ದಳು. ಇಂದ್ರಮ್ಮ ಸುಳ್ಳು ಹೇಳತೊಡಗಿದಳು. ಸಿದ್ದೇಶ ಪಂಪ್‌ಸೆಟ್ ಬಿಚ್ಚುತ್ತ ಹಲಗೂರಿನ ತೋಟದಲ್ಲಿ ಕೂತಿದ್ದರೂ ಅಕ್ಕ ಈಗ ಆಡುತ್ತಿರುತ್ತಾಳೋ ಏನೋ ಎಂದು ಫೋನ್ ಮಾಡುತ್ತಿದ್ದ. ಆ ಕಡೆಯಿಂದ ಆಟದ ಸಂಗೀತ ಕೇಳಿಸುತ್ತಿತ್ತು, ಅಕ್ಕ ಮಾತ್ರ ಅಕ್ಕಿ ಆರಿಸುತ್ತಿದ್ದೇನೆ ಎನ್ನುತ್ತಿದ್ದಳು. ವಾರಕ್ಕೊಮ್ಮೆ ಅವನು ಗುಂಡಿಯ ಕೆಳಗೆ ಒಂದು ತೆಳು ತಗಡು ಸೇರಿಸುತ್ತಿದ್ದ, ಬೆರಳು ಇನ್ನೊಂದು ಕೂದಲೆಳೆ ಹೆಚ್ಚು ತೆರೆದರೆ ಮಾತ್ರ ಗುಂಡಣ್ಣ ಹಾರುವ ಹಾಗೆ. ಗೊತ್ತಾಗದಷ್ಟು ಸೇರಿಸಬೇಕು. ಜಾಸ್ತಿಯಾದರೆ ಅವಳು ಸೋತು ಮಣೆ ತಳ್ಳಿಬಿಡುತ್ತಾಳೆ, ಕಡಿಮೆಯಾದರೆ ವಾರ ವ್ಯರ್ಥ. ಅಷ್ಟು ತೆಳುವಾದ ಲೆಕ್ಕಾಚಾರವನ್ನು ಅವನು ಯಾವ ಮೋಟರಿಗೂ ಹಾಕಿರಲಿಲ್ಲ.

ಆರನೇ ತಿಂಗಳು ಮುಗಿಯುವ ಹೊತ್ತಿಗೆ ನಾಲ್ಕು ಬೆರಳು ತೆರೆಯುತ್ತಿದ್ದವು. ಪೂರ್ತಿಯಲ್ಲ, ಒಂದು ನಿಂಬೆಹಣ್ಣು ಬಿಡುವಷ್ಟು. ಹೆಬ್ಬೆರಳು ಒಳಗೇ ಮಡಚಿಕೊಂಡಿತ್ತು. ಕತ್ತರಿ ಹಿಡಿಯಲು ಹೆಬ್ಬೆರಳು ಬೇಕೇ ಬೇಕು.

“ಬತ್ತದಾ?” ಎಂದು ಅವನು ಜಗುಲಿಯಲ್ಲಿ ಗೌತಮಿಯನ್ನು ಕೇಳಿದ.

“ಬರಲ್ಲ ಅಂತ ನಾನು ಹೇಳಲ್ಲ. ಬಂದೇ ಬರುತ್ತೆ ಅಂತಾನೂ ಹೇಳಲ್ಲ” ಎಂದು ಗೌತಮಿ ಬಸ್ಸಿಗೆ ಹೊರಟಳು.

ಒಳಗೆ ಬಂದ. ಇಂದ್ರಮ್ಮ ಆಡುತ್ತಿದ್ದಳು. ಹೆಬ್ಬೆರಳಿಗೆ ಅಡ್ಡಡ್ಡಲಾಗಿ ಒಂದು ಗುಂಡಿ ಇಟ್ಟರೆ ಹೇಗೆ, ಅದು ಪಕ್ಕಕ್ಕೆ ಸರಿದರೆ ಬಿಡುವ ಹಾಗೆ, ಸ್ಪ್ರಿಂಗ್ ಯಾವುದು, ಮಣೆಯಲ್ಲಿ ಜಾಗ ಎಲ್ಲಿ ಎಂದು ಯೋಚಿಸುತ್ತ, ಆ ಮಡಚಿದ ಹೆಬ್ಬೆರಳನ್ನೇ ನೋಡುತ್ತ, ಅವನು ಬಗ್ಗಿ ಬಗ್ಗಿ ಅವಳ ಮುಂದಕ್ಕೇ ಬಂದುಬಿಟ್ಟಿದ್ದ.

“ಏನ್ಲಾ ಅಂಗ್ ನೋಡ್ತೀಯ ಕೈಯ? ಅದೇನ್ ಓಡೋಗಕಿಲ್ಲ” ಎಂದಳು ಇಂದ್ರಮ್ಮ. “ಅತ್ಲಾಗ್ ಸರ್ಕೊ. ಹಳ್ಳ ಕಾಣ್ತಾ ಇಲ್ಲ ನಂಗೆ.”